ಎಂಟನೆಯ ದಿನದ ಲೆಕ್ಕ

2020ರ ಮಾರ್ಚ್ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದವರ ಕೈಗೆ ಆರೋಗ್ಯ ಇಲಾಖೆಯವರು ಒಂದು ಮುದ್ರೆ ಒತ್ತಿ ಕಳಿಸುತ್ತಿದ್ದರು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವಂಥ, ತೊಳೆದರೂ ಹೋಗದ ಶಾಯಿ. ಮುದ್ರೆಯೊಳಗೊಂದು ತಾರೀಕು, ಅಲ್ಲಿಯವರೆಗೆ ಆ ಮನುಷ್ಯ ಮನೆಯ ಹೊಸ್ತಿಲು ದಾಟುವಂತಿಲ್ಲ. ನಂದಿಬೆಟ್ಟದ ಆಚೀಚೆಯ ಸೀಮೆಗೆ ಕೊರೋನಾ ಬಂದದ್ದು ಇಂಥ ದಿನಗಳ ಲೆಕ್ಕದ ಜೊತೆಯಲ್ಲೇ. ಮಾರ್ಚ್ 22ರಂದು ರಾಜ್ಯ ಸರ್ಕಾರ ಮೊದಲಿಗೆ ಬಾಗಿಲು ಹಾಕಿಸಿದ ಒಂಬತ್ತು ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಗೌರಿಬಿದನೂರಿನಲ್ಲಿ ವಿದೇಶಯಾತ್ರೆ ಮುಗಿಸಿ ಬಂದವರಲ್ಲಿ ಸೋಂಕು ಕಂಡಿತ್ತು. ಕಲಬುರಗಿಯ ನಂತರ ರಾಜ್ಯದ ಎರಡನೆಯ ಸಾವು ಅದೇ ತಿಂಗಳ ಕೊನೆಯ ವಾರದಲ್ಲಿ ಆ ಊರಿನವರದ್ದಾಯಿತು. ಹಾಗಾಗಿ ಹದಿನಾಲ್ಕು ದಿನ, ಇಪ್ಪತ್ತೆಂಟು ದಿನ ಎಂಬ ಮಾತುಗಳು ಈ ಜಿಲ್ಲೆಯ ಬಾಯಿಗೆ ಬೇರೆಯವರಿಗಿಂತ ಬೇಗ ಹತ್ತಿದವು. ಶಿಡ್ಲಘಟ್ಟ ತಾಲ್ಲೂಕಿನ ಬಡಗಣ ಹೋಬಳಿಯಾದ ಸಾದಲಿಯವರೆಗೂ ಈ ಎಣಿಕೆ ಮುಟ್ಟಿತು. ಆದರೆ ಹೀಗೆ ಎಣಿಸಿದ್ದೆಲ್ಲ ಒಂದೇ ಬಗೆಯ ದಿನಗಳು. ಈ ರೋಗಕ್ಕೆ ಎರಡು ಲೆಕ್ಕಗಳಿವೆ. ರೋಗಿಯಿಂದ ಊರಿಗೆ ಎಷ್ಟು ದಿನ ಅಪಾಯ ಎಂಬುದು ಒಂದು. ರೋಗಿಗೆ ಯಾವ ದಿನ ಅಪಾಯ ಎಂಬುದು ಇನ್ನೊಂದು. ಮೊದಲನೆಯದನ್ನು ಸರ್ಕಾರ ಶಾಯಿ, ಪೊಲೀಸು, ಕಾಯಿದೆ ಎಲ್ಲ ಬಳಸಿ ಎಣಿಸಿತು. ಎರಡನೆಯದು ಹಳ್ಳಿಗಳಿಗೆ ತಲುಪಿದ್ದು ಒಂದು ವರ್ಷ ತಡವಾಗಿ, ಎರಡನೆಯ ಅಲೆ ನೆತ್ತಿಗೇರಿದ ಮೇಲೆ. ಅಷ್ಟೇ ಅಲ್ಲ, ಮೊದಲನೆಯ ಲೆಕ್ಕವನ್ನು ಹೇರಿದ ರೀತಿಯೇ ಎರಡನೆಯದನ್ನು ಕೆಡಿಸಿತು ಎಂಬುದು ಈ ಬರಹದ ವಾದ.

ವಾದಕ್ಕೆ ಮೊದಲು ರೋಗದ ನಡೆಯನ್ನು ಬಿಡಿಸಿ ನೋಡಬೇಕು. ವೈರಸ್ ಮೈಸೇರಿದ ದಿನಕ್ಕೂ ಮೊದಲ ಲಕ್ಷಣ ಕಾಣುವ ದಿನಕ್ಕೂ ನಡುವೆ, 2020ರ ತಳಿಯಲ್ಲಿ, ಸರಾಸರಿ ಐದು ದಿನ. ಹೆಚ್ಚುಕಡಿಮೆ ಎಲ್ಲರಲ್ಲೂ ಹನ್ನೆರಡು ದಿನದೊಳಗೆ ಲಕ್ಷಣ ಕಾಣಿಸುತ್ತಿತ್ತು. ಹದಿನಾಲ್ಕು ದಿನದ ಕ್ವಾರಂಟೈನಿಗೆ ಇದೇ ಆಧಾರ. ಆಮೇಲೆ ಗಂಟಲು ಕೆರೆತ, ಮೈಕೈ ನೋವು, ಒಣಕೆಮ್ಮು, ಜ್ವರ, ಕೆಲವರಿಗೆ ಸಾರಿನ ಒಗ್ಗರಣೆಯ ವಾಸನೆಯೂ ಮೂಗಿಗೆ ಬಾರದಿರುವುದು. ಲಕ್ಷಣ ಕಾಣುವುದಕ್ಕೆ ಎರಡು ದಿನ ಮೊದಲೇ ರೋಗಿ ಸೋಂಕು ಹರಡಬಲ್ಲ. ಮೊದಲ ವಾರ ವೈರಸ್ಸಿನದು: ಮೂಗು ಗಂಟಲುಗಳಲ್ಲಿ ಅದು ಹೆಚ್ಚುತ್ತದೆ, ಮತ್ತೆ ಇಳಿಯುತ್ತದೆ. ಸೌಮ್ಯ ರೋಗಿಗಳಲ್ಲಿ ಹತ್ತನೆಯ ದಿನದ ಹೊತ್ತಿಗೆ ಜೀವಂತ ವೈರಸ್ ಸಿಗುವುದೇ ಅಪರೂಪ. ಪರೀಕ್ಷೆಯಲ್ಲಿ ಇನ್ನೂ ವಾರಗಟ್ಟಲೆ ಪಾಸಿಟಿವ್ ಬಂದರೆ ಅದು ಬಹುಮಟ್ಟಿಗೆ ಸತ್ತ ವೈರಸ್ಸಿನ ಚೂರು. ಎರಡನೆಯ ವಾರ ನಮ್ಮದೇ ಮೈಯದು. ವೈರಸ್ಸನ್ನು ಹೊಡೆಯಲು ಎದ್ದ ರೋಗನಿರೋಧಕ ಶಕ್ತಿ ಕೆಲವರಲ್ಲಿ ಹತೋಟಿ ಮೀರಿ ಪುಪ್ಪುಸವನ್ನೇ ಕೆಡಿಸುತ್ತದೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿಸುತ್ತದೆ. ವುಹಾನಿನ ಮೊದಲ 41 ರೋಗಿಗಳ ವಿವರ 2020ರ ಜನವರಿಯಲ್ಲೇ ಪ್ರಕಟವಾಗಿತ್ತು: ಮೊದಲ ಲಕ್ಷಣದಿಂದ ಲೆಕ್ಕ ಹಾಕಿದರೆ ಆಸ್ಪತ್ರೆಗೆ ಸೇರಿದ್ದು ಏಳನೆಯ ದಿನದ ಸುಮಾರಿಗೆ, ಉಸಿರುಕಟ್ಟಿದ್ದು ಎಂಟನೆಯ ದಿನ, ತೀವ್ರ ನಿಗಾ ಘಟಕಕ್ಕೆ ಹೋದದ್ದು ಹತ್ತು ಹನ್ನೊಂದನೆಯ ದಿನ. ಅದೇ ಊರಿನ 191 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಬದುಕಿದವರು ಮನೆಗೆ ಹೋದದ್ದು 22ನೆಯ ದಿನದ ಹೊತ್ತಿಗೆ, ಸಾವುಗಳು ಆದದ್ದು 18-19ನೆಯ ದಿನದ ಹೊತ್ತಿಗೆ. ಚೀನಾದ ನಲವತ್ತನಾಲ್ಕು ಸಾವಿರಕ್ಕೂ ಮೀರಿದ ದೃಢಪಟ್ಟ ಪ್ರಕರಣಗಳಲ್ಲಿ ನೂರಕ್ಕೆ 81 ಸೌಮ್ಯ, 14 ತೀವ್ರ, 5 ಚಿಂತಾಜನಕ. ಅಂದರೆ ಐವರಲ್ಲಿ ನಾಲ್ವರಿಗೆ ಎರಡನೆಯ ವಾರ ಬರುವುದೇ ಚೇತರಿಕೆಯಾಗಿ. ಐದನೆಯವರಿಗೆ ಮಾತ್ರ ಅದು ಬೇರೆಯೇ ರೋಗ. ಆ ಐದನೆಯವರು ಯಾರೆಂದು ಮೊದಲ ವಾರದಲ್ಲಿ ಹೇಳುವುದು ಕಷ್ಟ. ಜ್ವರ ಇಳಿದು ಎದ್ದು ಓಡಾಡುವವರಲ್ಲೂ ರಕ್ತದ ಆಮ್ಲಜನಕ ಸದ್ದಿಲ್ಲದೆ ಶೇಕಡಾ 94ಕ್ಕಿಂತ ಕೆಳಗೆ ಜಾರುವುದುಂಟು. ಏದುಸಿರು ಬರುವ ಹೊತ್ತಿಗೆ ಕೆಲವರಲ್ಲಿ ಅದು 80ಕ್ಕೆ ಬಂದಿರುತ್ತದೆ.

ದಿನ ಎಣಿಸಿ ರೋಗಿಯನ್ನು ನೋಡಿಕೊಳ್ಳುವುದು ಈ ಸೀಮೆಗೆ ಗೊತ್ತಿಲ್ಲದ ಸಂಗತಿಯಲ್ಲ. ಸಿಡುಬು ಇದ್ದ ಕಾಲದಲ್ಲಿ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ, ಹಕ್ಕಳೆ ಉದುರಿದ ಮೇಲೆ ಬೇವಿನ ನೀರನ್ನು ತಲೆಗೆ ಹುಯ್ದು ಮುಗಿಸುತ್ತಿದ್ದರು. ಹಕ್ಕಳೆ ಪೂರ್ತಿ ಉದುರುವವರೆಗೆ ಸಿಡುಬು ಅಂಟುತ್ತದೆ ಎಂಬುದು ಆಧುನಿಕ ವೈದ್ಯದ ಮಾತೂ ಹೌದು. ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ: ಆ ಎಲ್ಲ ಮಡಿಯ ನಡುವೆಯೂ ಸಿಡುಬು ಹಿಡಿದ ಮೂವರಲ್ಲಿ ಒಬ್ಬರು ಸಾಯುತ್ತಿದ್ದರು, ಅದನ್ನು 1975ರ ಹೊತ್ತಿಗೆ ದೇಶದಿಂದ ಓಡಿಸಿದ್ದು ಲಸಿಕೆಯೇ ಹೊರತು ಬೇವಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಬಾಗಿಲ ಬೇವು ಊರಿಗೆ ಎಚ್ಚರಿಕೆ, ಮನೆಯವರಿಗೆ ಉಪಚಾರದ ಕ್ರಮ. ಎರಡು ಲೆಕ್ಕಗಳೂ ಒಂದೇ ಬಾಗಿಲಲ್ಲಿದ್ದವು. ಅವು ಬೇರೆಯಾದದ್ದು ಪ್ಲೇಗಿನ ಕಾಲದಲ್ಲಿ. 1898ರಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಪ್ಲೇಗು ಬಂದಾಗ, ಅದರ ಹಿಂದಿನ ವರ್ಷ ಬ್ರಿಟಿಷರು ಮಾಡಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆ ಸಿದ್ಧವಾಗಿತ್ತು. ಸೋಂಕಿನ ಊರುಗಳಿಂದ ಬಂದವರಿಗೆ ರಹದಾರಿ ಕೊಟ್ಟು ಹತ್ತು ದಿನ ನಿಗಾ ಇಡುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಂತು. ಇಲ್ಲಿ ಎಣಿಸುತ್ತಿದ್ದದ್ದು ಅಧಿಕಾರಿ, ಎಣಿಕೆಯಾಗುತ್ತಿದ್ದದ್ದು ಅಂಟುವ ಅಪಾಯ ಮಾತ್ರ. ಜನ ಕಲಿತ ಪಾಠವೂ ಅದಕ್ಕೆ ತಕ್ಕದ್ದೇ: ಜ್ವರವನ್ನು ಮುಚ್ಚಿಡು. 2020ರ ಮಾರ್ಚಿನಲ್ಲಿ ರಾಜ್ಯಗಳು ಹೇರಿದ ನಿರ್ಬಂಧಗಳಿಗೆ ಅದೇ 1897ರ ಕಾಯಿದೆ ಆಸರೆಯಾಯಿತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ನಡುವೆ 1918ರ ಇನ್‌ಫ್ಲುಯೆಂಜಾ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆ. ಅದೇ ದಶಕದಲ್ಲಿ ಹಾಕಿದ ಸಣ್ಣ ರೈಲುದಾರಿಗಳು ಈ ಪೇಟೆಗಳನ್ನು ಬೆಂಗಳೂರಿಗೂ ಕೋಲಾರಕ್ಕೂ ಕಟ್ಟಿಹಾಕಿದ್ದವು. ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದ ವರ್ಷ ಅದು. 1911ರಿಂದ 1921ರ ನಡುವೆ ಇಡೀ ಭಾರತದ ಜನಸಂಖ್ಯೆ ಬೆಳೆಯುವುದಿರಲಿ, ತುಸು ಇಳಿಯಿತು. ಮೈಸೂರು ಸಂಸ್ಥಾನ ಹತ್ತು ವರ್ಷದಲ್ಲಿ ಬೆಳೆದದ್ದು ನೂರಕ್ಕೆ ಮೂರರಷ್ಟು. ಆ ಜ್ವರಕ್ಕೂ ಎರಡು ಮುಖಗಳಿದ್ದವು. ಬಹುಪಾಲು ಜನರಿಗೆ ಮೂರು ದಿನದ ಜ್ವರ. ಕೆಲವರಿಗೆ ಅದರ ಬೆನ್ನಿಗೇ ನ್ಯುಮೋನಿಯಾ. ಜ್ವರ ಬಿಟ್ಟ ಮೇಲೂ ಕೆಲವು ದಿನ ಹಾಸಿಗೆ ಬಿಡಬೇಡಿ ಎಂದು ಲೋಕದ ಎಲ್ಲ ಕಡೆ ವೈದ್ಯರು ಹೇಳಿದ್ದು ಅದಕ್ಕೆ. ಕಡಲೆಕಾಯಿ, ರಾಗಿಯ ಕೆಲಸ ತಲೆಯ ಮೇಲಿದ್ದ ಬರಗಾಲದ ಒಕ್ಕಲಿಗೆ ಆ ಮಾತು ಎಷ್ಟು ಪಾಲಿಸಲು ಸಾಧ್ಯವಿತ್ತು ಎಂಬುದು ಊಹಿಸಿಕೊಳ್ಳಬಹುದಾದ ಸಂಗತಿ.

ಶಿಡ್ಲಘಟ್ಟ ಸೀಮೆಗೆ ದಿನಗಳ ಲೆಕ್ಕವನ್ನು ಇದೆಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಹುಳು ಸಾಕಣೆ. ರಾಮನಗರವನ್ನು ಬಿಟ್ಟರೆ ರಾಜ್ಯದಲ್ಲಿ ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇಲ್ಲಿನದು. ಸಾದಲಿ ಹೋಬಳಿಯ ಕೊಳವೆಬಾವಿಯ ನೀರು ಹಿಪ್ಪುನೇರಳೆಗೂ ಹೋಗುತ್ತದೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗಿನ ಸುಮಾರು ಇಪ್ಪತ್ತೈದು ದಿನಗಳಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಟ್ಟು ಏಳುತ್ತದೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ಸೊಪ್ಪು ಹಾಕುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಹಾಸನ್ನು ಒಣಗಿಸುತ್ತಾರೆ. ಬಹುಪಾಲು ಹುಳು ಎದ್ದ ಮೇಲೇ ಸೊಪ್ಪು. ನಾಲ್ಕು ಹುಳು ಎದ್ದವೆಂದು ಆತುರಪಟ್ಟು ಸೊಪ್ಪು ಹಾಕಿದರೆ ಇಡೀ ಬೆಳೆ ಏರುಪೇರು. ಅದೇ ಸೊಪ್ಪು, ಅದೇ ಕೈ. ದಿನ ತಪ್ಪಿದರೆ ನಷ್ಟ. ಕೊರೋನಾ ಚಿಕಿತ್ಸೆಯಲ್ಲಿ ಸ್ಟೀರಾಯ್ಡಿನ ಕತೆಯೂ ಹೀಗೇ. 2020ರ ಜೂನ್ 16ರಂದು ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಹೊರಬಿತ್ತು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಮೂರರಲ್ಲೊಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದರಲ್ಲೊಂದು ಪಾಲು ತಗ್ಗಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಯಾವ ಉಪಯೋಗವೂ ಆಗಲಿಲ್ಲ. ರೋಗ ಶುರುವಾಗಿ ಏಳು ದಿನ ದಾಟಿದವರಿಗೇ ಅದರಿಂದ ಹೆಚ್ಚು ಲಾಭ. ವೈರಸ್ಸಿನ ವಾರದಲ್ಲಿ ರೋಗನಿರೋಧಕ ಶಕ್ತಿಯನ್ನು ಅದುಮಿದರೆ ವೈರಸ್ಸಿಗೇ ನೆರವು. ಮೈ ತನ್ನ ಮೇಲೆ ತಾನೇ ತಿರುಗಿಬಿದ್ದ ವಾರದಲ್ಲಿ ಅದುಮಿದರೆ ಜೀವ ಉಳಿಯುತ್ತದೆ. ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಇದು, ಹೋಬಳಿ ಮಟ್ಟದಲ್ಲೂ ಇತ್ತು. ಇಲ್ಲದಿದ್ದದ್ದು ರೋಗಿಗೆ ಇದು ಎಷ್ಟನೆಯ ದಿನ ಎಂಬ ಖಚಿತ ಮಾಹಿತಿ.

ಏಕೆ ಇರಲಿಲ್ಲ? ಆರಂಭದ ತಿಂಗಳುಗಳ ಆರೋಗ್ಯ ಇಲಾಖೆಯ ದಿನದ ಪ್ರಕಟಣೆಗಳನ್ನು ನೋಡಿದರೆ ಉತ್ತರ ಕಣ್ಣಿಗೆ ಕಟ್ಟುತ್ತದೆ. ಪ್ರತಿ ರೋಗಿಗೂ ಒಂದು ಪಿ-ನಂಬರು. ವಯಸ್ಸು, ಊರು, ಯಾವ ಪಿ-ನಂಬರಿನ ಸಂಪರ್ಕದಿಂದ ಬಂತು, ಯಾವ ಆಸ್ಪತ್ರೆಯಲ್ಲಿದ್ದಾರೆ. ಯಾರಿಂದ ಯಾರಿಗೆ ಎಂಬ ವಂಶಾವಳಿಯೇ ಅಲ್ಲಿತ್ತು. ಜ್ವರ ಎಂದು ಶುರುವಾಯಿತು ಎಂಬ ಕಲಮು ಇರಲಿಲ್ಲ. ಪಾಸಿಟಿವ್ ಬಂದ ಬೀದಿಗೆ ಬೊಂಬು ಕಟ್ಟಿ ಸೀಲ್‌ಡೌನ್, ಮನೆ ಬಾಗಿಲಿಗೆ ಚೀಟಿ, ಆಂಬುಲೆನ್ಸ್ ಬಂದಾಗ ಬೀದಿಯೆಲ್ಲ ಮೊಬೈಲು ಹಿಡಿದು ನಿಲ್ಲುವುದು. ಹುಳುವಿಗೆ ಸೊಪ್ಪು ಕೊಯ್ಯಲು, ಡೈರಿಗೆ ಹಾಲು ಹಾಕಲು, ಗೂಡನ್ನು ಮಾರುಕಟ್ಟೆಗೆ ಒಯ್ಯಲು ಆಗದಂತೆ ಮಾಡುವ ಒಂದು ಪರೀಕ್ಷೆಗೆ ಯಾರು ತಾನಾಗಿ ಮೂಗು ಒಡ್ಡಿಯಾರು? ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆಗೆ ಏರುವುದು ಹದಿನಾಲ್ಕು ದಿನ ಕಾಯುವುದಿಲ್ಲ. ಹೀಗಾಗಿ ಮೊದಲ ಮೂರು ನಾಲ್ಕು ದಿನ ಮನೆಯಲ್ಲೇ ಕಷಾಯ, ಮೆಡಿಕಲ್ ಸ್ಟೋರಿನ ಡೋಲೊ, ಪಕ್ಕದೂರಿನ ಕ್ಲಿನಿಕ್ಕಿನಲ್ಲೊಂದು ಸೂಜಿ. ಪರೀಕ್ಷೆಗೆ ಹೋದ ಮೇಲೆ ವರದಿಗೆ ಇನ್ನಷ್ಟು ಕಾಯುವುದು. ವರದಿ ಕೈಸೇರಿದ ದಿನವೇ ಜನರ ಲೆಕ್ಕದಲ್ಲಿ ಒಂದನೆಯ ದಿನವಾಗಿಬಿಡುತ್ತಿತ್ತು, ರೋಗದ ಲೆಕ್ಕದಲ್ಲಿ ಅದು ಏಳನೆಯದೋ ಎಂಟನೆಯದೋ ಆಗಿರುತ್ತಿತ್ತು. ಕೇಂದ್ರ ಸರ್ಕಾರ 2020ರ ಮೇ 8ರಂದು ಬಿಡುಗಡೆಯ ನಿಯಮ ಬದಲಿಸಿ, ಸೌಮ್ಯ ರೋಗಿಗಳನ್ನು ಲಕ್ಷಣ ಕಂಡ ಹತ್ತು ದಿನದ ಮೇಲೆ, ಮೂರು ದಿನ ಜ್ವರವಿಲ್ಲದಿದ್ದರೆ, ಮರುಪರೀಕ್ಷೆಯಿಲ್ಲದೆ ಕಳಿಸಬಹುದು ಎಂದಿತು. ವಿಜ್ಞಾನದ ಪ್ರಕಾರ ಸರಿಯಾದ ನಿಯಮ. ಆದರೂ ಅದು ಮುಟ್ಟಿದ್ದು ಮತ್ತೆ ಮೊದಲ ಲೆಕ್ಕವನ್ನೇ: ಇನ್ನು ಇವರಿಂದ ಯಾರಿಗೂ ಅಂಟುವುದಿಲ್ಲ. ಮನೆಮನೆಗೆ ಹೋಗಿ ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರಿಗಾದರೂ ಎರಡನೆಯ ಲೆಕ್ಕ ಹಿಡಿಯಲು ಅವಕಾಶವಿತ್ತು. ಅವರು 12 ಸಾವಿರ ರೂಪಾಯಿ ಗೌರವಧನ ಕೇಳಿ 2020ರ ಜುಲೈನಲ್ಲಿ ಕೆಲಸ ನಿಲ್ಲಿಸಬೇಕಾಗಿ ಬಂತು ಎಂದರೆ ಆ ಅವಕಾಶಕ್ಕೆ ನಾವು ಕೊಟ್ಟ ಬೆಲೆ ಗೊತ್ತಾಗುತ್ತದೆ.

ಎರಡನೆಯ ಅಲೆ ಇದನ್ನೆಲ್ಲ ಅಂಕಿಗಳಲ್ಲಿ ಬರೆದು ತೋರಿಸಿತು. ರಾಜ್ಯದಲ್ಲಿ ಒಂದೇ ದಿನ ಅತಿ ಹೆಚ್ಚು ಹೊಸ ಪ್ರಕರಣ ದಾಖಲಾದದ್ದು 2021ರ ಮೇ 5ರಂದು: 50,112. ಅತಿ ಹೆಚ್ಚು ಸಾವು ವರದಿಯಾದದ್ದು ಮೇ 23ರಂದು: 626. ನಡುವೆ ಹದಿನೆಂಟು ದಿನ. ವರದಿಯ ದಿನ ಬೇರೆ, ಸಾವಿನ ದಿನ ಬೇರೆ. ಹಳೆಯ ಸಾವುಗಳೂ ಒಂದು ದಿನದ ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ, ಆದ್ದರಿಂದ ಈ ಅಂತರವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಹಾಗಿದ್ದರೂ ವುಹಾನಿನ ಆಸ್ಪತ್ರೆಗಳಲ್ಲಿ ಕಂಡ ನಡೆಯೇ ಇಡೀ ರಾಜ್ಯದ ಪಟ್ಟಿಯಲ್ಲೂ ಕಾಣಿಸುವುದು ಬರೀ ಕಾಕತಾಳೀಯವೆನ್ನಲು ಮನಸ್ಸು ಬರುವುದಿಲ್ಲ. ಮೇ 3ರಂದು ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ, ಸೌಮ್ಯ ರೋಗಿಗಳು ಮೊದಲ ದಿನಗಳಲ್ಲೇ ಸಿಟಿ ಸ್ಕ್ಯಾನ್ ಮಾಡಿಸಿ ಸ್ಟೀರಾಯ್ಡ್ ನುಂಗುವುದರ ವಿರುದ್ಧ ದೇಶಕ್ಕೆಲ್ಲ ಎಚ್ಚರಿಕೆ ಕೊಡಬೇಕಾಯಿತು. ಆ ತಿಂಗಳು ಮುಗಿಯುವುದರೊಳಗೆ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಿತು, ಹೆಚ್ಚಾಗಿ ಸಕ್ಕರೆ ಕಾಯಿಲೆಯಿದ್ದು ಸ್ಟೀರಾಯ್ಡ್ ಪಡೆದವರಲ್ಲಿ. ರಾಜ್ಯ ಸರ್ಕಾರ ‘ವೈದ್ಯರ ನಡೆ ಹಳ್ಳಿ ಕಡೆ’ ಎಂದು ಹೊರಟದ್ದೂ ಮೇ ತಿಂಗಳಲ್ಲೇ. ಸಾದಲಿಯಂಥ ಕಡೆ ಇದು ಏಕೆ ಹೆಚ್ಚು ಮುಖ್ಯವೆಂದರೆ, ಅಲ್ಲಿನ ರೋಗಿಗೆ ಉಸಿರು ಕಟ್ಟಿದ ಮೇಲೆ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಚಿಕ್ಕಬಳ್ಳಾಪುರ, ಅಲ್ಲಿಂದ ಬೆಂಗಳೂರು ಎಂಬ ಮೂರು ಮೆಟ್ಟಿಲು. ಬೆಂಗಳೂರಿನವರು ಎಂಟನೆಯ ದಿನ ಎಚ್ಚೆತ್ತರೂ ಅವರಿಗೆ ಆಸ್ಪತ್ರೆ ಪಕ್ಕದ ಬೀದಿಯಲ್ಲಿತ್ತು. ಹೋಬಳಿಯವರು ಆರನೆಯ ದಿನವೇ ಎಚ್ಚರವಾಗಿರಬೇಕಿತ್ತು.

ಇದಕ್ಕೆ ಮೊದಲ ಆಕ್ಷೇಪ: ಜನ ಸತ್ತದ್ದು ಹಾಸಿಗೆ, ಆಮ್ಲಜನಕ ಸಿಗದೆ, ದಿನ ಎಣಿಸಿದ್ದರೆ ಸಿಲಿಂಡರ್ ಹುಟ್ಟುತ್ತಿತ್ತೇ? ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2-3ರ ಒಂದು ಹಗಲು ರಾತ್ರಿಯೊಳಗೆ 24 ಮಂದಿ ತೀರಿಕೊಂಡದ್ದನ್ನು ನೆನೆದರೆ ಈ ಮಾತಿಗೆ ತಲೆಬಾಗಲೇಬೇಕು. ಅವರು ಆಸ್ಪತ್ರೆಗೆ ಬಂದಿದ್ದರು. ತಪ್ಪು ಅವರ ಎಣಿಕೆಯದಲ್ಲ. ಆದರೆ ಕೊರತೆಯನ್ನು ಮೊದಲೇ ಕಾಣುವ ದಾರಿಯೂ ಇದೇ ಲೆಕ್ಕದಲ್ಲಿತ್ತು. ಏಪ್ರಿಲ್ ನಡುವಿನ ಪ್ರಕರಣಗಳ ಏರಿಕೆ, ಇನ್ನೊಂದು ವಾರ ಹತ್ತು ದಿನಕ್ಕೆ ಎಷ್ಟು ಆಮ್ಲಜನಕ ಬೇಕೆಂದು ಹೇಳುತ್ತಿತ್ತು. ಜೊತೆಗೆ, ಆಮ್ಲಜನಕದ ಮಟ್ಟ 93ರಲ್ಲಿರುವಾಗ ಬಂದ ರೋಗಿಗೆ ಸಣ್ಣ ಆಸ್ಪತ್ರೆಯ ಕಾನ್ಸಂಟ್ರೇಟರ್, ಬೋರಲು ಮಲಗಿಸುವುದು, ಅಗ್ಗದ ಸ್ಟೀರಾಯ್ಡ್ ಸಾಕಾಗಬಹುದು. 70ರಲ್ಲಿ ಬಂದವರಿಗೆ ಬೇಕಾದ್ದು ಜಿಲ್ಲೆಯಲ್ಲೇ ಬೆರಳೆಣಿಕೆಯಷ್ಟಿದ್ದ ವೆಂಟಿಲೇಟರ್. ತಡವಾಗಿ ಬರುವುದೇ ಕೊರತೆಯನ್ನು ಹಿಗ್ಗಿಸಿತು.

ಎರಡನೆಯ ಆಕ್ಷೇಪ ವೈದ್ಯರದು: ಸರಾಸರಿಯನ್ನು ನಂಬಿ ಕೂರಬೇಡಿ, ಮುದುಕರು ಐದನೆಯ ದಿನವೇ ಕುಸಿಯುತ್ತಾರೆ, ಡೆಲ್ಟಾ ತಳಿ ಹಳೆಯದಕ್ಕಿಂತ ಬಿರುಸು, ಕೆಲವರು ಹನ್ನೆರಡರವರೆಗೂ ಚೆನ್ನಾಗಿದ್ದು ಆಮೇಲೆ ಕೆಡುತ್ತಾರೆ. ಒಪ್ಪಬೇಕಾದ್ದೇ. 2022ರ ಆರಂಭದಲ್ಲಿ ಅಲೆಯಾಗಿ ಹರಡಿದ ಓಮಿಕ್ರಾನ್ ಮೂರು ದಿನದಲ್ಲೇ ಲಕ್ಷಣ ತೋರಿಸಿ, ಲಸಿಕೆ ಪಡೆದ ಬಹುತೇಕರನ್ನು ವಾರದೊಳಗೆ ಬಿಟ್ಟು ಹೋಯಿತು. ಹಳೆಯ ಲೆಕ್ಕ ಅದಕ್ಕೆ ಹೊಂದಲಿಲ್ಲ. ಆದರೆ ನಾನು ಹೇಳುತ್ತಿರುವ ಎಣಿಕೆ ಜಾತಕವಲ್ಲ. ಐದರಿಂದ ಹನ್ನೆರಡರವರೆಗೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ದಿನಕ್ಕೆ ಮೂರು ಸಲ ನೋಡು, ಆರು ನಿಮಿಷ ನಡೆಸಿ ಮತ್ತೆ ನೋಡು, ಇಳಿದರೆ ಹೊರಡು ಎಂಬ ಕಾವಲು ಅಷ್ಟೆ. ಇದಕ್ಕಿಂತ ಗಟ್ಟಿಯಾದದ್ದು ಮೂರನೆಯ ಆಕ್ಷೇಪ: ಕೂಲಿಯವನಿಗೆ, ನೂಲು ಬಿಚ್ಚುವ ರೀಲರ್ ಮನೆಯ ಕೆಲಸದವಳಿಗೆ ಹದಿನಾಲ್ಕು ದಿನ ಮಲಗು ಎನ್ನುವುದು ಹೊಟ್ಟೆ ತುಂಬಿದವರ ಮಾತು. ನಿಜ. ಅದಕ್ಕೇ ಎರಡು ಲೆಕ್ಕಗಳನ್ನು ಬೇರ್ಪಡಿಸಿ ನೋಡಬೇಕಾದ್ದು. ಬಡವರ ಕೂಲಿಗೆ ಹೊಡೆತ ಕೊಟ್ಟದ್ದು ಮೊದಲ ಲೆಕ್ಕ, ಸೀಲ್‌ಡೌನಿನ ಲೆಕ್ಕ. ಕಾವಲಿನ ಲೆಕ್ಕಕ್ಕೆ ಬೇಕಾಗಿದ್ದದ್ದು ಬೀದಿಗೊಂದು ಆಕ್ಸಿಮೀಟರ್, ಅದನ್ನು ಹಿಡಿದು ಬರುವ ಒಬ್ಬ ಹೆಣ್ಣುಮಗಳು, ಆಕೆಗೆ ಹೊತ್ತಿಗೆ ಸರಿಯಾಗಿ ಸಂಬಳ. ಸೋಂಕನ್ನು ತಡೆಯುವುದು ಸರ್ಕಾರದ ಕರ್ತವ್ಯವೇ, ಅದನ್ನು ಬಿಡಬೇಕಿತ್ತೆಂದು ಯಾರೂ ಹೇಳಲಾರರು. ದಿನಗೂಲಿಗೆ ಪರಿಹಾರವಿಲ್ಲದ, ಅವಮಾನ ಮಾತ್ರ ಇರುವ ತಡೆ ಜ್ವರವನ್ನು ಮನೆಯೊಳಗೆ ಅಡಗಿಸಿತು. ಅಡಗಿದ ಜ್ವರ ಅಂಟುವುದನ್ನೂ ನಿಲ್ಲಿಸಲಿಲ್ಲ.

ಚೇತರಿಕೆಯ ಲೆಕ್ಕವಂತೂ ಇನ್ನೂ ಸಡಿಲ. ದಿನದ ಪಟ್ಟಿಯಲ್ಲಿ ‘ಗುಣಮುಖರಾಗಿ ಬಿಡುಗಡೆ’ ಎಂಬ ಸಾಲಿತ್ತು. ಆಸ್ಪತ್ರೆಯ ಗೇಟು ದಾಟಿದವರೆಲ್ಲ ಅದರಲ್ಲಿ ಸೇರಿದರು. ಸೌಮ್ಯ ರೋಗಕ್ಕೆ ಎರಡು ವಾರ, ತೀವ್ರಕ್ಕೆ ಮೂರರಿಂದ ಆರು ವಾರ ಎಂದು ಚೀನಾಕ್ಕೆ ಹೋಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ತಂಡ 2020ರ ಫೆಬ್ರವರಿಯಲ್ಲೇ ಹೇಳಿತ್ತು. ಮೂರು ತಿಂಗಳಾದರೂ ಹೋಗದ ಸುಸ್ತು, ಏದುಸಿರು, ಮರೆವುಗಳನ್ನು ಅದೇ ಸಂಸ್ಥೆ ಕೋವಿಡ್ ನಂತರದ ಸ್ಥಿತಿಯೆಂದು ಗುರುತಿಸಿದ್ದು 2021ರ ಅಕ್ಟೋಬರಿನಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಈ ಸೀಮೆಯವರು ದೂರ ಹೋಗಬೇಕಿಲ್ಲ. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದ ಚಿಕುನ್‌ಗುನ್ಯಾ, ಜ್ವರ ಬಿಟ್ಟು ತಿಂಗಳುಗಳಾದರೂ ಕೀಲುಗಳನ್ನು ಬಿಟ್ಟಿರಲಿಲ್ಲ. ಮಡಿಕೆ ಹೊಡೆಯುವವನಿಗೆ, ಸೊಪ್ಪಿನ ಹೊರೆ ಹೊರುವವಳಿಗೆ ಗುಣವಾಗುವುದೆಂದರೆ ಮತ್ತೆ ಹೊರೆ ಎತ್ತಲು ಆಗುವುದು, ನೆಗೆಟಿವ್ ಚೀಟಿಯಲ್ಲ.

ಇನ್ನೊಂದು ಸಾಂಕ್ರಾಮಿಕ ಬಂದೇ ಬರುತ್ತದೆ. ಅದರ ನಡೆ ಕೊರೋನಾದಂತೆ ಇರಬೇಕಾಗಿಯೂ ಇಲ್ಲ. ಆದರೂ ಪ್ರತಿ ಸಾಂಕ್ರಾಮಿಕಕ್ಕೂ ಅದರದೇ ದಿನಗಳಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆ ಪುಸ್ತಕದಲ್ಲಿ, ಆಶಾ ಕಾರ್ಯಕರ್ತೆಯ ಡೈರಿಯಲ್ಲಿ, ಪರೀಕ್ಷೆಯ ಫಾರಂನಲ್ಲಿ ವರದಿ ಬಂದ ತಾರೀಕಿಗಿಂತ ಮೊದಲು, ಮೈ ಬಿಸಿಯಾದ ಮೊದಲ ದಿನದ ತಾರೀಕು ಬರೆಯಲು ಒಂದು ಕಲಮು ಇರಲಿ. ಜ್ವರ ಹೇಳಿಕೊಂಡವರಿಗೆ ಆ ವಾರದ ಕೂಲಿ ಕೊಡಲು ಗ್ರಾಮ ಪಂಚಾಯಿತಿಯ ಬಜೆಟ್ಟಿನಲ್ಲಿ ಒಂದು ಬಾಬ್ತು ಇರಲಿ. ಓದುಗರೂ ಅಷ್ಟೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.